ಬಿಸಿಲಿಗೆ ಬಂದರೆ ಸೀನು: ಅಪಶಕುನವಲ್ಲ, ಹುಟ್ಟುಗುಣ

ಅಡಿಗೆಮನೆಯ ಮಬ್ಬುಗತ್ತಲಿನಿಂದ ಅಂಗಳದ ಬಿಸಿಲಿಗೆ ಕಾಲಿಟ್ಟ ಕೂಡಲೇ 'ಆಕ್ಷೀ' ಎಂದು ಸೀನುವುದು ನಿಮಗುಂಟೇ? ನಿಮಗಿಲ್ಲದಿದ್ದರೆ ಮನೆಯಲ್ಲಿ ಬೇರೆ ಯಾರಿಗಾದರೂ ಇರಬಹುದು, ಗಮನಿಸಿ ನೋಡಿ. ಶೀತವಿಲ್ಲ, ನೆಗಡಿಯಿಲ್ಲ, ಒಗ್ಗರಣೆಯ ಘಾಟೂ ಇಲ್ಲ. ಬಿಸಿಲು ಕಣ್ಣಿಗೆ ಬಿತ್ತು, ಸೀನು ಬಂತು, ಅಷ್ಟೆ. ನನಗೆ ಚಿಕ್ಕಂದಿನಿಂದಲೂ ಹೀಗೇ. ಈ ಸೀನಿನಿಂದ ನಾನು ಪಟ್ಟ ಪಾಡನ್ನು ಸ್ವಲ್ಪ ಕೇಳಿ.

ಮದುವೆಯಾಗಿ ಬಂದ ಹೊಸತು. ನಮ್ಮದು ಮಲೆನಾಡಿನ ಹಳೆಯ ಮನೆ. ಒಳಗೆ ಹಗಲಿನಲ್ಲೂ ದೀಪ ಬೇಕು. ಒಂದು ಬೆಳಿಗ್ಗೆ ಮಾವನವರು ನಾದಿನಿಯ ಮದುವೆಯ ಮಾತುಕತೆಗೆಂದು ಹೊರಟಿದ್ದರು. ಜಾತಕವಿದ್ದ ಚೀಲವನ್ನು ಮರೆತಿದ್ದರು. ಕೊಡೋಣವೆಂದು ಒಳಗಿನಿಂದ ಓಡಿ ಜಗಲಿಗೆ ಬಂದೆ. ಎದುರಿಗೇ ಬಿಸಿಲು. ತಡೆಯಲಾಗಲಿಲ್ಲ, ಸೀನಿಬಿಟ್ಟೆ. ಅದೂ ಒಂಟಿ ಸೀನು! "ಹೊರಡೋ ಹೊತ್ತಿಗೇ ಆಗ್ಬೇಕಿತ್ತಾ ಇದು?" ಎಂದರು ಅತ್ತೆ. ಮಾವನವರು ಒಳಗೆ ಬಂದು ಕೂತು, ನೀರು ಕುಡಿದು ಹೊರಡುವಷ್ಟರಲ್ಲಿ ಬಸ್ಸು ಹೋಗಿತ್ತು. ಆ ಸಂಬಂಧವೂ ಕೂಡಿಬರಲಿಲ್ಲ. ಕೂಡದೆ ಹೋದದ್ದು ಜಾತಕ, ಮಾತು ಕೇಳಬೇಕಾದವಳು ನಾನು. ಅಂದಿನಿಂದ ಮನೆಯಿಂದ ಯಾರು ಹೊರಟರೂ ನಾನು ಬಾಗಿಲ ಹಿಂದೆ ನಿಲ್ಲುವುದೇ ರೂಢಿಯಾಯಿತು. ಮಗಳು ಮೊದಲ ದಿನ ಶಾಲೆಗೆ ಹೋದಾಗಲೂ ಒಳಗಿನಿಂದಲೇ ಕಳಿಸಿಕೊಟ್ಟೆ.

ಆ ಮಗಳಿಗೂ ಇದೇ ಸೀನು ಬಂದಿದೆ. ಕಳೆದ ವರ್ಷ ಅತ್ತೆಯವರ ಕಣ್ಣಿನ ಪೊರೆ ತೋರಿಸಲು ಪೇಟೆಗೆ ಹೋಗಿದ್ದೆವು. ಹೇಗೂ ಬಂದದ್ದಾಯಿತು, ಇವಳ ಕಣ್ಣನ್ನೂ ನೋಡಿಬಿಡಿ ಎಂದೆ. ಡಾಕ್ಟರು ಕಣ್ಣಿಗೆ ದೀಪ ಬಿಟ್ಟದ್ದೇ ತಡ, ಎರಡು ಸೀನು! ನನಗೆ ನಾಚಿಕೆಯಾಯಿತು. ಅವರು ಮಾತ್ರ ನಕ್ಕು, "ಇದು ಹುಟ್ಟುಗುಣ ಅಮ್ಮಾ. ನಿಮಗೂ ಇರಬೇಕಲ್ಲ?" ಎಂದರು. ಇಷ್ಟು ವರ್ಷಗಳಲ್ಲಿ ನನ್ನ ಸೀನಿನ ಬಗ್ಗೆ ಬೈಯದೆ ಮಾತಾಡಿದವರು ಅವರೇ ಮೊದಲು. ಅವರು ಹೇಳಿದ್ದನ್ನೂ, ಆಮೇಲೆ ನಾನೂ ಮಗಳೂ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಹಳೆಯ ಪ್ರಶ್ನೆ

ಗ್ರೀಸಿನ ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದಿರುವ ಪ್ರಾಚೀನ ಗ್ರಂಥವೊಂದರಲ್ಲಿ ಈ ಸೀನಿನ ಪ್ರಶ್ನೆ ಇದೆ. ಬಿಸಿಲಿನ ಶಾಖಕ್ಕೆ ಸೀನು ಬರುತ್ತದಲ್ಲ, ಬೆಂಕಿಯ ಶಾಖಕ್ಕೆ ಯಾಕೆ ಬರುವುದಿಲ್ಲ ಎಂದು. ದಿನವಿಡೀ ಒಲೆಯ ಮುಂದೆ ನಿಲ್ಲುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ಲವೇ? ಶಾಖವೇ ಕಾರಣವಾಗಿದ್ದರೆ ದೋಸೆ ಹುಯ್ಯುತ್ತಾ ನಾವು ಸೀನುತ್ತಲೇ ಇರಬೇಕಿತ್ತು! ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಎಂಬ ಪಂಡಿತರು ಇನ್ನೊಂದು ಮಾತು ಗಮನಿಸಿದರು. ಕಣ್ಣು ಮುಚ್ಚಿ ಬಿಸಿಲಿಗೆ ಮುಖವೊಡ್ಡಿದರೆ ಸೀನು ಬರುವುದಿಲ್ಲ. ಅಂದಮೇಲೆ ಕಾರಣ ಶಾಖವಲ್ಲ, ಕಣ್ಣೊಳಗೆ ಹೋಗುವ ಬೆಳಕು.

1964ರಲ್ಲಿ ಅಮೆರಿಕದ ಹೆನ್ರಿ ಎವರೆಟ್ ಎಂಬ ವೈದ್ಯರು ಇದರ ಬಗ್ಗೆ ವಿವರವಾಗಿ ಬರೆದರು. ವೈದ್ಯರು ಇದನ್ನು 'ಫೋಟಿಕ್ ಸ್ನೀಜ್ ರಿಫ್ಲೆಕ್ಸ್' ಎನ್ನುತ್ತಾರೆ. 1978ರಲ್ಲಿ ಕೆಲವು ವೈದ್ಯರು ಉದ್ದನೆಯ ಹೆಸರೊಂದನ್ನು ಹೊಸೆದು, ಅದರ ಮೊದಲಕ್ಷರಗಳು ಸೇರಿದರೆ 'ಆಚೂ' ಆಗುವಂತೆ ಮಾಡಿದರು. ಇಂಗ್ಲಿಷರ ಸೀನಿನ ಸದ್ದೇ ಅದು! ನೂರು ಜನರಲ್ಲಿ ಸುಮಾರು 18ರಿಂದ 35 ಮಂದಿಗೆ ಈ ಗುಣವಿದೆಯೆಂದು ಅಂದಾಜು.

ಯಾಕೆ ಹೀಗೆ?

ಮುಖ, ಕಣ್ಣು, ಮೂಗು ಇವುಗಳ ನೋವು, ತುರಿಕೆ, ಸ್ಪರ್ಶಗಳನ್ನೆಲ್ಲ ಮೆದುಳಿಗೆ ಮುಟ್ಟಿಸುವುದು ಒಂದೇ ದೊಡ್ಡ ನರ. ಅದರ ಹೆಸರು ಟ್ರೈಜೆಮಿನಲ್. ಮೂಗಿನಲ್ಲಿ ಧೂಳು ಹೊಕ್ಕರೆ ಸೀನು ಎಬ್ಬಿಸುವುದೂ ಅದೇ. ಬ್ಯೂಟಿ ಪಾರ್ಲರಿನಲ್ಲಿ ಹುಬ್ಬಿಗೆ ದಾರ ಹಾಕುವಾಗ ಕೆಲವರು ಸೀನುವುದು ನೋಡಿದ್ದೀರಲ್ಲ? ಅಲ್ಲಿಯೂ ಈ ನರದ್ದೇ ಕೈವಾಡ. ಬೆಳಕಿನ ಸುದ್ದಿ ಒಯ್ಯುವುದು ಬೇರೆ ನರ. ಕತ್ತಲಿನಿಂದ ತಟ್ಟನೆ ಪ್ರಖರ ಬೆಳಕಿಗೆ ಬಂದಾಗ ಆ ಸುದ್ದಿಯ ಒಂದಿಷ್ಟು ಅಂಶ ಮೂಗಿನ ದಾರಿಗೂ ಸೋರಿಹೋಗುತ್ತದೆ ಎಂಬುದು ಹಲವು ವೈದ್ಯರ ಅಭಿಪ್ರಾಯ. ಹಳೆಯ ಟೆಲಿಫೋನಿನಲ್ಲಿ ನಾವು ಮಾತಾಡುವಾಗ ಇನ್ಯಾರದೋ ಮಾತು ನಡುವೆ ಕೇಳುತ್ತಿತ್ತಲ್ಲ, ಹಾಗೆ ಎನ್ನಿ. 2010ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದವರು ನಡೆಸಿದ ಪರೀಕ್ಷೆಯಲ್ಲಿ, ಇಂಥವರ ಮೆದುಳಿನ ದೃಷ್ಟಿಭಾಗವೇ ಬೆಳಕಿಗೆ ಹೆಚ್ಚು ಚುರುಕಾಗಿ ಸ್ಪಂದಿಸುವುದು ಕಂಡುಬಂತು.

ಇದು ರಕ್ತದಲ್ಲಿ ಬರುವ ಗುಣ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಹೆಣ್ಣಿಗೂ ಬರುತ್ತದೆ, ಗಂಡಿಗೂ ಬರುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ಅಪ್ಪ ನೆನಪಾದರು. ದೇವಸ್ಥಾನದ ಗರ್ಭಗುಡಿಯ ಮುಂದಿನಿಂದ ಹೊರಗೆ ಬಂದರೆ ಅವರಿಗೆ ಎರಡು ಸೀನು ಖಾಯಂ. ಎಲ್ಲರೂ "ಚಿರಂಜೀವಿ" ಎನ್ನುತ್ತಿದ್ದರು. ಅಪ್ಪನ ಸೀನಿಗೆ ಆಶೀರ್ವಾದ, ಅದೇ ಸೀನು ಸೊಸೆಗೆ ಬಂದರೆ ಅಪಶಕುನ. ನೀವೇ ಹೇಳಿ, ಇದು ನ್ಯಾಯವೇ?

ಇಷ್ಟು ನೆನಪಿಡಿ

ಇದು ಕಾಯಿಲೆಯಲ್ಲ, ಮದ್ದೂ ಬೇಕಿಲ್ಲ. ಆದರೂ ಜಾಗ್ರತೆ ಬೇಕು:

* ಕುದಿಯುವ ಪಾತ್ರೆಯನ್ನೋ ಎಳೆ ಮಗುವನ್ನೋ ಎತ್ತಿಕೊಂಡು ಹೊರಗೆ ಬರುವಾಗ ಹೊಸಿಲ ಬಳಿ ಒಂದು ಕ್ಷಣ ನಿಂತು, ಸೀನು ಬಂದುಹೋದ ಮೇಲೆ ಮುಂದೆ ಹೆಜ್ಜೆಯಿಡಿ.
* ಸೀನುವಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಸ್ಕೂಟರಿನಲ್ಲಿ ಮರದ ನೆರಳಿನಿಂದಲೋ ಸೇತುವೆಯ ಕೆಳಗಿನಿಂದಲೋ ಬಿಸಿಲಿಗೆ ಬರುವಾಗ ವೇಗ ತಗ್ಗಿಸಿ. ಕಪ್ಪು ಕನ್ನಡಕ ಒಳ್ಳೆಯದು. ನಡೆದು ಹೋಗುವಾಗ ಕೊಡೆಯಾಗಲಿ, ತಲೆಯ ಮೇಲೆ ಸೆರಗಾಗಲಿ ಇರಲಿ.
* ಮೂಗಿಗೂ ಮೇಲ್ದುಟಿಗೂ ನಡುವೆ ಬೆರಳಿನಿಂದ ಒತ್ತಿ ಹಿಡಿದರೆ ಕೆಲವರಿಗೆ ಸೀನು ನಿಲ್ಲುತ್ತದೆ.
* ಸೀನು ಬರಿಸಲೆಂದು ಮಕ್ಕಳಿಗೆ "ಸೂರ್ಯನನ್ನು ನೋಡು" ಎನ್ನಬೇಡಿ. ನೇರ ನೋಡಿದರೆ ಕಣ್ಣಿಗೆ ಹಾನಿ.
* ಕಣ್ಣಿನ ಆಪರೇಷನ್ ಅಥವಾ ಕಣ್ಣಿನ ಬಳಿ ಇಂಜೆಕ್ಷನ್ ಇದ್ದರೆ ಈ ಗುಣವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಸೂಜಿ ಚುಚ್ಚುವಾಗ ಸೀನು ಬಂದರೆ ಅಪಾಯ.
* ಸೀನಿನ ಜೊತೆ ಮೂಗು ಸೋರುವುದು, ತುರಿಕೆ ಇದ್ದರೆ ಅದು ಅಲರ್ಜಿ ಇರಬಹುದು. ಬೆಳಕು ಕಂಡರೆ ಕಣ್ಣು ನೋಯುವುದು, ಕೆಂಪಾಗುವುದು ಬೇರೆಯದೇ ತೊಂದರೆ. ಎರಡಕ್ಕೂ ವೈದ್ಯರನ್ನು ಕಾಣಿ.

ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇದು ನಿನ್ನ ತವರಿನ ಬಳುವಳಿ ಅನ್ನು" ಎಂದರು. ಈಗ ಮಗಳು ಕಾಲೇಜಿಗೆ ಹೊರಡುವಾಗ ನಾನು ಜಗಲಿಗೆ ಬಂದೇ ಕಳಿಸುತ್ತೇನೆ. ಅವಳೊಂದು ಸೀನು, ನಾನೊಂದು ಸೀನು. "ಎರಡಾಯ್ತಲ್ಲ, ಇನ್ನು ಹೊರಡು" ಎನ್ನುತ್ತಾರೆ ಒಳಗಿನಿಂದ ಅತ್ತೆ. ನಿಮ್ಮ ಮನೆಯ ಹುಡುಗಿಯೋ ಸೊಸೆಯೋ ಹೊಸಿಲಲ್ಲಿ ಸೀನಿದರೆ ಬೈಯುವ ಮೊದಲು ಬಿಸಿಲು ಎಲ್ಲಿದೆ ನೋಡಿ.