ಕೈವಾರದಿಂದ ಕ್ಲೌಡ್‌ಗೆ ಗೇಮ್ ಸರ್ವರ್: ತಪ್ಪು ಕಲ್ಪನೆ ಮತ್ತು ವಾಸ್ತವ

ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ನಮ್ಮ ಕೈವಾರವೇ ಎಂಬುದು ಈ ಸೀಮೆಯ ನಂಬಿಕೆ. ಈ ಕಥೆಯನ್ನು ಹಿಡಿದು ನಾಲ್ಕೈದು ಜನ ಒಟ್ಟಿಗೆ ಆಡುವಂಥ ಮೊಬೈಲ್ ಗೇಮ್ ಮಾಡಬಲ್ಲ ಹುಡುಗ ಹುಡುಗಿಯರು ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಖಂಡಿತ ಇದ್ದಾರೆ. ಯೂನಿಟಿ, ಗೊಡೋದಂಥ ಗೇಮ್ ಎಂಜಿನ್ನುಗಳನ್ನು ಯೂಟ್ಯೂಬ್ ನೋಡಿಯೇ ಕಲಿತುಬಿಡುತ್ತಾರೆ. ಆದರೆ ಸರ್ವರ್ ಬಿಲ್ಡನ್ನು, ಅಂದರೆ ಆಟಗಾರರನ್ನೆಲ್ಲ ಒಂದೆಡೆ ಸೇರಿಸುವ, ಓಡಲು ಸಿದ್ಧವಾದ ಪ್ರೋಗ್ರಾಮನ್ನು, ಕ್ಲೌಡ್‌ಗೆ ಕಳಿಸುವ ಘಟ್ಟ ಬಂದಾಗ ಬಹಳ ಮಂದಿಯ ಕೈ ನಿಲ್ಲುತ್ತದೆ. ಆ ಘಟ್ಟದ ಬಗ್ಗೆ ಬಾಯಿಂದ ಬಾಯಿಗೆ ಹರಡಿರುವ ಅರ್ಧಂಬರ್ಧ ಮಾತುಗಳೇ ಅದಕ್ಕೆ ಮುಖ್ಯ ಕಾರಣ.

ತಪ್ಪು ಕಲ್ಪನೆ: “ಇದೆಲ್ಲ ಬೆಂಗಳೂರಿನ ಆಫೀಸಲ್ಲಿ ಕೂತು ಮಾಡೋ ಕೆಲಸ. ನಮ್ಮೂರ ನೆಟ್‌ನಲ್ಲಿ ಆಗಲ್ಲ.”

ವಾಸ್ತವ: ರಾಜ್ಯದ ಗೇಮ್ ಉದ್ಯಮ ಬೆಂಗಳೂರಿನಲ್ಲೇ ಬೆಳೆದದ್ದು ನಿಜ. ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಅಲ್ಲಿ ಶುರುವಾದದ್ದು 1997ರಲ್ಲಿ. ಆದರೆ ಬಿಲ್ಡ್ ಕಳಿಸುವುದಕ್ಕೆ ಊರಿನ ಹಂಗಿಲ್ಲ. ನಿಮ್ಮ ಮನೆಯ ನೆಟ್ ಬೇಕಾಗುವುದು ಕಳಿಸುವ ಹೊತ್ತಿಗೆ ಮಾತ್ರ. ಆಮೇಲೆ ಆಟಗಾರರ ಫೋನು ನೇರವಾಗಿ ಕ್ಲೌಡ್ ಯಂತ್ರದ ಜೊತೆ ಮಾತಾಡುತ್ತದೆ, ನಿಮ್ಮ ಮನೆಯ ವೈರಿಗೂ ಅದಕ್ಕೂ ಸಂಬಂಧವಿಲ್ಲ. 1 ಜಿಬಿ ಬಿಲ್ಡನ್ನು ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಕಳಿಸಿದರೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅದೂ ಭಾರ ಅನ್ನಿಸಿದರೆ ಇನ್ನೊಂದು ದಾರಿಯಿದೆ. ಕೋಡಿನಲ್ಲಿ ಆದ ಬದಲಾವಣೆಯನ್ನಷ್ಟೇ ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಕಳಿಸಿ, ಅಲ್ಲಿನ ಯಂತ್ರವೇ ಬಿಲ್ಡ್ ಮಾಡಿ ಕ್ಲೌಡ್‌ಗೆ ಸಾಗಿಸುವಂತೆ ಮಾಡಬಹುದು. ಆಗ ಕೈವಾರದಿಂದ ಹೊರಡುವುದು ಕೆಲವೇ ಕೆಬಿ.

ತಪ್ಪು ಕಲ್ಪನೆ: “ಹಾಗಾದರೆ ಕ್ಲೌಡ್ ಯಾಕೆ? ಮನೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿದರಾಯ್ತು.”

ವಾಸ್ತವ: ಒಂದೇ ವೈಫೈನಲ್ಲಿರುವ ಗೆಳೆಯರ ಜೊತೆ ಆಡಲು ಇದು ಸಾಕು. ಹೊರಗಿನವರು ಸೇರಲು ಹೋದಾಗ ತೊಡಕು ಶುರು. ಮೊಬೈಲ್ ಡೇಟಾದಲ್ಲೂ ಎಷ್ಟೋ ಫೈಬರ್ ಸಂಪರ್ಕಗಳಲ್ಲೂ ನೂರಾರು ಮನೆಗಳಿಗೆ ಸೇರಿ ಒಂದೇ ಐಪಿ ವಿಳಾಸ ಇರುತ್ತದೆ. ಹೊರಗಿಂದ ಬಂದ ಕೋರಿಕೆ ಯಾವ ಮನೆಗೆ ಹೋಗಬೇಕೆಂಬುದೇ ಗೊತ್ತಾಗುವುದಿಲ್ಲ. ಕರೆಂಟ್ ಹೋದರಂತೂ ಆಡುತ್ತಿದ್ದವರೆಲ್ಲ ಆಚೆಗೆ.

ತಪ್ಪು ಕಲ್ಪನೆ: “ಗೇಮ್ ಓಡ್ತಿದೆಯಲ್ಲ, ಅದೇ ಫೋಲ್ಡರ್ ಜಿಪ್ ಮಾಡಿ ಕಳಿಸಿದರೆ ಸಾಕು.”

ವಾಸ್ತವ: ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಆಟಗಾರರ ಫೋನಿಗೆ ಹೋಗುವ ಬಿಲ್ಡ್ ಬೇರೆ, ಸರ್ವರ್ ಬಿಲ್ಡ್ ಬೇರೆ. ಸರ್ವರ್‌ಗೆ ಪರದೆಯಿಲ್ಲ, ಸ್ಪೀಕರಿಲ್ಲ. ಬಕಾಸುರನ ಚಿತ್ರವಾಗಲಿ ಗರ್ಜನೆಯಾಗಲಿ ಅದಕ್ಕೆ ಬೇಡ. ಅವನು ಎಲ್ಲಿ ನಿಂತಿದ್ದಾನೆ, ಎಷ್ಟು ಪೆಟ್ಟು ತಿಂದಿದ್ದಾನೆ ಎಂಬ ಲೆಕ್ಕ ಸಾಕು. ಯೂನಿಟಿಯಲ್ಲಿ ಇದಕ್ಕೆಂದೇ ‘ಡೆಡಿಕೇಟೆಡ್ ಸರ್ವರ್’ ಎಂಬ ಆಯ್ಕೆ ಇದೆ. ಗೊಡೋ 4ರಲ್ಲಿ ‘ಹೆಡ್‌ಲೆಸ್’ ಆಗಿ, ಅಂದರೆ ಪರದೆಯಿಲ್ಲದೆ, ಓಡಿಸಬಹುದು. ಅನ್‌ರಿಯಲ್‌ನಲ್ಲಿ ಕೆಲಸ ಜಾಸ್ತಿ, ಎಂಜಿನ್ನನ್ನೇ ಮೂಲ ಕೋಡಿನಿಂದ ಕಟ್ಟಿಕೊಳ್ಳಬೇಕು.

ಇನ್ನೊಂದು ತೊಡಕೂ ಇದೆ. ನಾವು ಗೇಮ್ ಬರೆಯುವುದು ಹೆಚ್ಚಾಗಿ ವಿಂಡೋಸ್‌ನಲ್ಲಿ. ಕ್ಲೌಡ್‌ನಲ್ಲಿ ಅಗ್ಗವಾಗಿ ಸಿಗುವುದು ಲಿನಕ್ಸ್. ವಿಂಡೋಸ್‌ಗೆ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಲಿನಕ್ಸ್‌ಗೆ ಅವು ಬೇರೆ ಬೇರೆ. ಕೋಡಿನಲ್ಲಿ ‘ಬಕಾಸುರ’ ಎಂಬ ಫೈಲ್ ಹೆಸರು ಇಂಗ್ಲಿಷಿನ ಸಣ್ಣ ‘ಬಿ’ಯಿಂದ ಶುರುವಾಗಿ, ಫೋಲ್ಡರಿನಲ್ಲಿ ಅದೇ ಹೆಸರು ದೊಡ್ಡ ‘ಬಿ’ಯಿಂದ ಶುರುವಾಗಿದ್ದರೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡಿದ ಸರ್ವರ್ ಅಲ್ಲಿ ಫೈಲ್ ಸಿಗಲಿಲ್ಲವೆಂದು ನಿಂತುಬಿಡುತ್ತದೆ. ವಿಂಡೋಸ್‌ನಲ್ಲಿ ಜಿಪ್ ಮಾಡಿದ ಫೈಲಿಗೆ ಲಿನಕ್ಸ್‌ನಲ್ಲಿ ಓಡುವ ಅನುಮತಿಯೂ ಇರುವುದಿಲ್ಲ, ಅದನ್ನು ‘ಸಿಎಚ್‌ಮಾಡ್’ ಎಂಬ ಆದೇಶದಿಂದ ಕೊಡಬೇಕು. ಫೋಲ್ಡರಿನೊಳಗೆ ಫೋಲ್ಡರ್ ಸೇರಿ ಜಿಪ್ ಆಗಿದ್ದರೆ ನೀವು ಕೊಟ್ಟ ದಾರಿಯಲ್ಲಿ ಸರ್ವರ್ ಫೈಲೇ ಇರುವುದಿಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಉಚಿತ. ಕಳಿಸುವ ಮೊದಲು ಜಿಪ್ಪನ್ನು ಅದರ ಲಿನಕ್ಸ್ ಫೋಲ್ಡರಿನೊಳಗೆ (ವಿಂಡೋಸ್ ಡ್ರೈವಿನಲ್ಲಲ್ಲ) ಬಿಚ್ಚಿ ಓಡಿಸಿ ನೋಡಿದರೆ ಈ ಮೂರೂ ತಪ್ಪು ಮನೆಯಲ್ಲೇ ಸಿಕ್ಕಿಬೀಳುತ್ತವೆ.

ತಪ್ಪು ಕಲ್ಪನೆ: “ಅಪ್‌ಲೋಡ್ ನೂರಕ್ಕೆ ನೂರು ಆಯ್ತು ಅಂದರೆ ಸರ್ವರ್ ಶುರುವಾಯ್ತು.”

ವಾಸ್ತವ: ಅಲ್ಲಿಗೆ ಫೈಲ್ ತಲುಪಿದೆ, ಅಷ್ಟೇ. ಗೇಮ್ ಸರ್ವರ್ ಓಡಿಸಿಕೊಡುವ ಅಮೆಜಾನ್‌ನ ಸೇವೆ ಗೇಮ್‌ಲಿಫ್ಟನ್ನೇ ತೆಗೆದುಕೊಳ್ಳಿ. ಬಿಲ್ಡ್ ತಲುಪಿದ ಮೇಲೆ ‘ಫ್ಲೀಟ್’, ಅಂದರೆ ಯಂತ್ರಗಳ ಗುಂಪನ್ನು ಬೇರೆಯಾಗಿಯೇ ತೆರೆಯಬೇಕು. ಅದು ಬಿಲ್ಡನ್ನು ಇಳಿಸಿಕೊಂಡು, ಪರೀಕ್ಷಿಸಿ, ಕೊನೆಗೆ ಸಕ್ರಿಯವಾಗುತ್ತದೆ. ನಿಮ್ಮ ಸರ್ವರ್ ಎದ್ದ ಕೂಡಲೇ ‘ನಾನು ಸಿದ್ಧ’ ಎಂದು ಸೇವೆಗೆ ತಿಳಿಸಬೇಕು. ಅದಕ್ಕೆ ಅವರ ಎಸ್‌ಡಿಕೆಯನ್ನು, ಅಂದರೆ ಅವರೇ ಕೊಡುವ ಸಿದ್ಧ ಕೋಡನ್ನು, ನಿಮ್ಮ ಕೋಡಿನಲ್ಲಿ ಸೇರಿಸಿರಬೇಕು. ನಿಗದಿತ ನಿಮಿಷಗಳಲ್ಲಿ ಆ ಮಾತು ಬಾರದಿದ್ದರೆ ಸೇವೆ ಅದನ್ನು ಮುಚ್ಚುತ್ತದೆ. ಮೈಕ್ರೋಸಾಫ್ಟ್‌ನ ಪ್ಲೇಫ್ಯಾಬ್‌ನಲ್ಲೂ ಇದೇ ಪದ್ಧತಿ.

ಎಲ್ಲ ಸರಿಯಿದ್ದೂ ಆಟಗಾರರು ಸೇರಲಾಗದಿದ್ದರೆ ಪೋರ್ಟ್, ಅಂದರೆ ಸಂಪರ್ಕ ಒಳಬರುವ ಬಾಗಿಲು, ನೋಡಿ. ವೇಗದ ಆಟಗಳು ಹೆಚ್ಚಾಗಿ ಯುಡಿಪಿ ಬಳಸುತ್ತವೆ, ಫೈರ್‌ವಾಲ್‌ನಲ್ಲಿ ಟಿಸಿಪಿಯನ್ನಷ್ಟೇ ತೆರೆದರೆ ಬಾಗಿಲು ಮುಚ್ಚಿದಂತೆಯೇ. ಸರ್ವರ್ 127.0.0.1ಕ್ಕೆ ಕಿವಿಗೊಟ್ಟು ಕೂತಿದ್ದರೆ ಅದಕ್ಕೆ ಕೇಳುವುದು ಆ ಯಂತ್ರದೊಳಗಿನ ಮಾತು ಮಾತ್ರ. ಅಲ್ಲಿ 0.0.0.0 ಇರಬೇಕು.

ತಪ್ಪು ಕಲ್ಪನೆ: “ಅಮೆರಿಕದ ಸರ್ವರ್ ಅಂದರೆ ಫಾಸ್ಟ್.”

ವಾಸ್ತವ: ಆಟದಲ್ಲಿ ಯಂತ್ರದ ಶಕ್ತಿಗಿಂತ ದೂರದ್ದೇ ಲೆಕ್ಕ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿ.ಮೀ. ಕೈವಾರದಿಂದ ಮುಂಬೈ ಸಾವಿರ ಕಿ.ಮೀ. ಒಳಗೆ. ಹೋಗಿಬರಲು ಬೆಳಕಿಗೆ ಹತ್ತು ಮಿಲಿಸೆಕೆಂಡ್ ಸಾಕು, ದಾರಿಯ ಸುತ್ತುಬಳಸು ಸೇರಿದರೂ ಆಟ ಹಿತವಾಗಿಯೇ ಇರುತ್ತದೆ. ಅಮೆರಿಕದ ವರ್ಜೀನಿಯಾಕ್ಕೆ ಪಿಂಗ್, ಅಂದರೆ ಹೋಗಿಬರುವ ಸಮಯ, ಸಾಮಾನ್ಯವಾಗಿ 200 ಮಿಲಿಸೆಕೆಂಡ್ ದಾಟುತ್ತದೆ. ಭೀಮ ಗದೆ ಬೀಸುವ ಹೊತ್ತಿಗೆ ಬಕಾಸುರ ಪಕ್ಕಕ್ಕೆ ಸರಿದಿರುತ್ತಾನೆ. ಅಮೆಜಾನ್‌ಗೆ ಮುಂಬೈ, ಹೈದರಾಬಾದ್‌ನಲ್ಲಿ, ಮೈಕ್ರೋಸಾಫ್ಟ್‌ಗೆ ಪುಣೆ, ಚೆನ್ನೈನಲ್ಲಿ ಕೇಂದ್ರಗಳಿವೆ. ಡಿಜಿಟಲ್‌ಓಷನ್‌ನ ಕೇಂದ್ರ 2016ರಿಂದ ಬೆಂಗಳೂರಿನಲ್ಲೇ ಇದೆ. ಗೇಮ್‌ಲಿಫ್ಟ್‌ಗೆ ಬಿಲ್ಡ್ ಕಳಿಸುವ ಆದೇಶದಲ್ಲೇ ಹತ್ತಿರದ ಪ್ರದೇಶದ (ರೀಜನ್) ಹೆಸರು ಬರೆಯಿರಿ.

ತಪ್ಪು ಕಲ್ಪನೆ: “ಆನ್‌ಲೈನ್ ಗೇಮ್ ಎಲ್ಲಾ ಬ್ಯಾನ್ ಆಗಿದೆಯಂತೆ.”

ವಾಸ್ತವ: ಇಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಇ-ಸ್ಪೋರ್ಟ್ಸ್ ಮತ್ತು ಪಣವಿಲ್ಲದ ಮನರಂಜನೆಯ ಆಟಗಳಿಗೆ ಆ ಕಾಯ್ದೆಯೇ ಜಾಗ ಕೊಟ್ಟಿದೆ. ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್‌ಗೆಂದು 2012ರಲ್ಲೇ ನೀತಿ ತಂದಿತ್ತು, 2024ರಲ್ಲಿ ಹೊಸದನ್ನೂ ಪ್ರಕಟಿಸಿದೆ.

ತಪ್ಪು ಕಲ್ಪನೆ: “ಯಾರೂ ಆಡದಿದ್ದರೆ ಬಿಲ್ ಬರಲ್ಲ.”

ವಾಸ್ತವ: ಬರುತ್ತದೆ. ಯಂತ್ರ ಚಾಲೂ ಇರುವ ಹೊತ್ತಿಗೆಲ್ಲ ಬಾಡಿಗೆ, ಆಟಗಾರರು ಇರಲಿ ಇಲ್ಲದಿರಲಿ. ಹೊರಗೆ ಹೋಗುವ ಡೇಟಾಕ್ಕೆ ಬೇರೆ ಲೆಕ್ಕ. ಪರೀಕ್ಷೆ ಮುಗಿಸಿ ಬ್ರೌಸರ್ ಮುಚ್ಚಿದರೆ ಫ್ಲೀಟ್ ಮುಚ್ಚುವುದಿಲ್ಲ. ಯಂತ್ರಗಳ ಸಂಖ್ಯೆಯನ್ನು ನೀವೇ ಸೊನ್ನೆಗಿಳಿಸಬೇಕು, ಇಲ್ಲವೇ ಅಳಿಸಬೇಕು. ಖಾತೆಯ ರಹಸ್ಯ ಕೀಲಿಯನ್ನು ಮರೆತು ಕೋಡಿನ ಜೊತೆ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರೆ, ಅದನ್ನು ಹುಡುಕುತ್ತಲೇ ಇರುವ ಕಳ್ಳರು ನಿಮ್ಮ ಖರ್ಚಿನಲ್ಲಿ ತಮ್ಮ ಯಂತ್ರ ಓಡಿಸುತ್ತಾರೆ. ರೈತನ ಮನೆಯಿಂದ, ರೇಷ್ಮೆ ಬಿಚ್ಚುವವರ ಮನೆಯಿಂದ ಬಂದ ಹುಡುಗರಿಗೆ ಅಂಥ ಒಂದು ಬಿಲ್ ಇಡೀ ಹವ್ಯಾಸವನ್ನೇ ಬಿಡಿಸಿಬಿಡಬಹುದು. ದಯವಿಟ್ಟು ಖಾತೆ ತೆರೆದ ದಿನವೇ ಬಜೆಟ್ ಎಚ್ಚರಿಕೆ ಹಾಕಿಕೊಳ್ಳಿ. ಬಿಲ್ಡ್ ಕಳಿಸುವುದು ಅದಾದ ಮೇಲೆ.