ಭೀಕರ ಮುಖದ ಸೌಮ್ಯ ಜೀವಿ

1931ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ‘ಫ್ರಾಂಕೆನ್‌ಸ್ಟೈನ್’ ಎಂಬ ವಾಕ್ಚಿತ್ರದ ಆರಂಭದಲ್ಲಿ ನಟನಟಿಯರ ಹೆಸರುಗಳು ಬೆಳ್ಳಿತೆರೆಯ ಮೇಲೆ ಮೂಡಿದಾಗ, ಒಂದು ಪಾತ್ರದ ಎದುರಿಗೆ ಮಾತ್ರ ಹೆಸರಿರಲಿಲ್ಲ. ಅಲ್ಲಿದ್ದುದು ಬರಿಯ ಒಂದು ಪ್ರಶ್ನಾರ್ಥಕ ಚಿಹ್ನೆ. ಪ್ರೇಕ್ಷಕರ ಕುತೂಹಲವನ್ನು ಕೆರಳಿಸಲು ಯೂನಿವರ್ಸಲ್ ಸಂಸ್ಥೆಯವರು ಹೂಡಿದ ಉಪಾಯವದು. ಹೆಸರನ್ನು ಹಾಕಿದ್ದರೂ ಆಗ ಅದನ್ನು ಗುರುತಿಸಬಲ್ಲವರು ವಿರಳವಾಗಿದ್ದರು. ರಾಕ್ಷಸನ ಪಾತ್ರವನ್ನು ವಹಿಸಿದ್ದ ಆ ನಟನು ನಲವತ್ತನಾಲ್ಕರ ಹೊಸ್ತಿಲಲ್ಲಿದ್ದನು. ಹತ್ತು ವರ್ಷಗಳಿಗೂ ಮಿಗಿಲಾಗಿ ಹಾಲಿವುಡ್ಡಿನಲ್ಲಿ ಕಳ್ಳ, ಖೈದಿ, ಕೊಲೆಗಡುಕ ಎಂದು ಸಿಕ್ಕಿದ ಸಣ್ಣಪುಟ್ಟ ವೇಷಗಳನ್ನೆಲ್ಲ ಧರಿಸಿದ್ದನು. ಹೊಟ್ಟೆಪಾಡಿಗಾಗಿ ನಡುನಡುವೆ ಲಾರಿ ಓಡಿಸಿದ್ದೂ ಉಂಟು. ಆತನೇ ಬೋರಿಸ್ ಕಾರ್ಲಾಫ್.

ಸೂರತ್ತಿನ ನಂಟು

ಹೆಸರನ್ನು ಕೇಳಿದರೆ ರಷ್ಯದವನೆನ್ನಿಸುವ ಕಾರ್ಲಾಫನು ವಾಸ್ತವವಾಗಿ ಆಂಗ್ಲೇಯ. 1887ರ ನವೆಂಬರ್ 23ರಂದು ಲಂಡನ್ ನಗರದ ಕ್ಯಾಂಬರ್‌ವೆಲ್‌ನಲ್ಲಿ ಜನಿಸಿದ ಆತನ ನಿಜನಾಮ ವಿಲಿಯಂ ಹೆನ್ರಿ ಪ್ರ್ಯಾಟ್. ಒಂಬತ್ತು ಮಕ್ಕಳಲ್ಲಿ ಕೊನೆಯವನು. ತಂದೆ ಭಾರತದಲ್ಲಿ ಉಪ್ಪಿನ ತೆರಿಗೆಯ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ತಾಯಿ ಹುಟ್ಟಿದ್ದು, ಮದುವೆಯಾದದ್ದು ಎರಡೂ ಗುಜರಾತಿನ ಸೂರತ್ತಿನಲ್ಲಿ. ಕುಟುಂಬದಲ್ಲಿ ಭಾರತೀಯ ರಕ್ತವೂ ಬೆರೆತಿತ್ತು. ಸಯಾಮಿನ ಅರಮನೆಯಲ್ಲಿ ಶಿಕ್ಷಕಿಯಾಗಿದ್ದು, ಮುಂದೆ ‘ದಿ ಕಿಂಗ್ ಅಂಡ್ ಐ’ ಚಿತ್ರದ ಮೂಲಕ ಲೋಕಕ್ಕೆಲ್ಲ ಪರಿಚಿತಳಾದ ಆನಾ ಲಿಯೊನೊವೆನ್ಸ್ ಈತನ ತಾಯಿಗೆ ಚಿಕ್ಕಮ್ಮನಾಗಬೇಕು.

ಅಣ್ಣಂದಿರಂತೆ ತಮ್ಮನೂ ಸರಕಾರದ ರಾಯಭಾರ ಶಾಖೆಯನ್ನು ಸೇರಬೇಕೆಂಬುದು ಮನೆಯವರ ಅಪೇಕ್ಷೆ. ಆದರೆ ಹುಡುಗನ ಮನಸ್ಸು ರಂಗಭೂಮಿಯ ಮೇಲಿತ್ತು. ಬಾಲ್ಯದಲ್ಲಿ ಉಗ್ಗು ಇತ್ತು. ಅದನ್ನು ಹಟದಿಂದ ಗೆದ್ದರೂ ಮಾತಿನಲ್ಲಿ ಸ್ವಲ್ಪ ತೊದಲು ಕೊನೆಯವರೆಗೂ ಉಳಿಯಿತು. 1909ರಲ್ಲಿ ಇಂಗ್ಲೆಂಡನ್ನು ಬಿಟ್ಟು ಕೆನಡಕ್ಕೆ ಹೋದವನು ಹೊಲದಲ್ಲಿ ದುಡಿದು, ನೆಲವನ್ನಗೆದು, ಕಡೆಗೆ ಊರೂರು ಸುತ್ತುವ ನಾಟಕ ಮಂಡಳಿಯೊಂದನ್ನು ಸೇರಿದನು. ಬೋರಿಸ್ ಕಾರ್ಲಾಫ್ ಎಂಬ ಹೆಸರು ಆಗ ಇಟ್ಟುಕೊಂಡದ್ದು.

ನಾಲ್ಕು ಗಂಟೆಯ ವೇಷ

ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಫ್ರಾಂಕೆನ್‌ಸ್ಟೈನ್ ಎಂಬುದು ವಿಜ್ಞಾನಿಯ ಹೆಸರು. ಶವಗಳ ಅಂಗಾಂಗಗಳನ್ನು ಜೋಡಿಸಿ ಅವನು ನಿರ್ಮಿಸಿದ ಜೀವಿಗೆ ಹೆಸರೇ ಇಲ್ಲ. ಪಾತ್ರಕ್ಕೆ ಮೊದಲು ಕೇಳಿಬಂದದ್ದು ‘ಡ್ರಾಕುಲಾ’ ಖ್ಯಾತಿಯ ಬೆಲಾ ಲುಗೋಸಿಯ ಹೆಸರು. ಅದು ಕೈಗೂಡಲಿಲ್ಲ. ಸ್ಟುಡಿಯೋದ ಊಟದ ಮನೆಯಲ್ಲಿ ಕುಳಿತಿದ್ದ ಕಾರ್ಲಾಫನ ಮುಖದ ಎಲುಬುಗಟ್ಟನ್ನು ಕಂಡು ನಿರ್ದೇಶಕ ಜೇಮ್ಸ್ ವೇಲನು ಅವನನ್ನು ಕರೆಸಿಕೊಂಡನು.

ವೇಷವನ್ನು ರೂಪಿಸಿದವನು ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್. ಹತ್ತಿ ಮತ್ತು ಅಂಟುದ್ರವಗಳ ಪದರಗಳಿಂದ ಚಪ್ಪಟೆ ತಲೆಯನ್ನು ಕಟ್ಟಿ, ಮುಖಕ್ಕೆ ಹಸುರು ಬಣ್ಣವನ್ನು ಬಳಿಯುತ್ತಿದ್ದನು. ಕಪ್ಪು-ಬಿಳುಪು ಚಿತ್ರದಲ್ಲಿ ಆ ಬಣ್ಣ ಹೆಣದ ಬಿಳಿಚನ್ನು ತೋರುತ್ತಿತ್ತು. ಪ್ರತಿದಿನವೂ ಇದಕ್ಕೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತಿತ್ತು. ಆದರೆ ಈ ರೂಪದಲ್ಲಿ ನಟನ ಪಾಲೂ ಇದೆ. ತನ್ನ ಕಣ್ಣುಗಳು ತೀರ ಚುರುಕಾಗಿ ಕಾಣುತ್ತಿವೆಯೆಂದು ಕಾರ್ಲಾಫನಿಗೆ ಅನ್ನಿಸಿತು. ಆಗತಾನೇ ಹುಟ್ಟಿದ ಜೀವಿಗೆ ಅಷ್ಟು ತಿಳಿವೆಲ್ಲಿಯದು? ಅವನ ಸೂಚನೆಯಂತೆ ರೆಪ್ಪೆಗಳ ಮೇಲೆ ಮೇಣವನ್ನು ಮೆತ್ತಿ ಅವನ್ನು ಭಾರಗೊಳಿಸಲಾಯಿತು. ಬಾಯಲ್ಲಿದ್ದ ಕಟ್ಟುಹಲ್ಲನ್ನು ತೆಗೆದು ಒಂದು ಕೆನ್ನೆ ಕುಳಿಬೀಳುವಂತೆ ಮಾಡಿಕೊಂಡನು.

ಇಡೀ ಚಿತ್ರದಲ್ಲಿ ಆ ಜೀವಿಗೆ ಒಂದೂ ಮಾತಿಲ್ಲ. ಆದರೂ ಛಾವಣಿಯ ಕಿಂಡಿಯಿಂದ ಮೊದಲ ಬಾರಿ ಬೆಳಕು ಇಳಿದಾಗ, ಅದನ್ನು ಹಿಡಿಯಲೆಂದು ಅದು ಎರಡು ಕೈಗಳನ್ನೂ ಮೇಲಕ್ಕೆ ಚಾಚುವ ದೃಶ್ಯವನ್ನು ಕಂಡವರು ಮರೆಯಲಾರರು. ಅಲ್ಲಿ ಕಾಣುವುದು ರಾಕ್ಷಸನಲ್ಲ, ತಾಯಿಯಿಲ್ಲದ ಮಗು. ಕೊಳದ ದಡದಲ್ಲಿ ಪುಟ್ಟ ಹುಡುಗಿಯೊಬ್ಬಳು ಹೂಗಳನ್ನು ತೇಲಿಬಿಡುತ್ತ ಅದರೊಡನೆ ಆಡುತ್ತಾಳೆ. ಹೂ ಮುಗಿದಾಗ, ಅವಳೂ ತೇಲುವಳೆಂದು ನಂಬಿ ಆ ಜೀವಿ ಅವಳನ್ನು ನೀರಿಗೆಸೆಯುತ್ತದೆ. ಹಾಗೆ ಎಸೆಯುವುದು ಕಾರ್ಲಾಫನಿಗೆ ಸಮ್ಮತವಿರಲಿಲ್ಲ. ಮುಂದೆ ಸೆನ್ಸಾರಿನ ಕತ್ತರಿ ಆ ಭಾಗಕ್ಕೆ ಬಿದ್ದು, ರಾಕ್ಷಸನು ಹುಡುಗಿಯತ್ತ ಕೈ ಚಾಚುವಲ್ಲಿಗೇ ದೃಶ್ಯ ನಿಂತಿತು. ಪ್ರೇಕ್ಷಕರು ಅದಕ್ಕಿಂತ ಘೋರವಾದುದನ್ನು ಊಹಿಸಿಕೊಳ್ಳುವಂತಾಯಿತು. ಕತ್ತರಿಸಿದ ತುಣುಕು ಮತ್ತೆ ಚಿತ್ರವನ್ನು ಸೇರಿದ್ದು 1980ರ ದಶಕದಲ್ಲಿ.

ಇಪ್ಪತ್ತೈದು ಗಂಟೆಯ ದಿನ

ಆ ವೇಷ, ಭಾರವಾದ ಬೂಟುಗಳು, ಬೇಸಗೆಯ ಸೆಕೆ. ಇವುಗಳ ನಡುವೆ ಒಮ್ಮೆ ಕಾರ್ಲಾಫನು ಒಂದೇ ಸಮನೆ ಇಪ್ಪತ್ತೈದು ಗಂಟೆ ದುಡಿಯಬೇಕಾಯಿತು. ವಿಜ್ಞಾನಿಯ ಪಾತ್ರದ ಕಾಲಿನ್ ಕ್ಲೈವನನ್ನು ಹೆಗಲ ಮೇಲೆ ಹೊತ್ತು ಗುಡ್ಡವೇರುವ ದೃಶ್ಯವನ್ನು ನಿರ್ದೇಶಕನು ಮತ್ತೆ ಮತ್ತೆ ತೆಗೆಸಿದನು. ಬೆನ್ನಿಗಾದ ಆಗಿನ ಪೆಟ್ಟು ಬಾಳಿನುದ್ದಕ್ಕೂ ಕಾಡಿತು. ಇಷ್ಟಾದರೂ ದೂರು ಹೇಳಿಕೊಳ್ಳಲು ಸ್ಥಳವಿರಲಿಲ್ಲ. ದುಡಿಮೆಯ ಅವಧಿಗೆ ಮಿತಿಯಿಲ್ಲ, ಊಟದ ವೇಳೆಗೆ ನಿಯಮವಿಲ್ಲ; ಸ್ಟುಡಿಯೋ ಹೇಳಿದ್ದೇ ಶಾಸನ.

1933ರ ಮಾರ್ಚಿನಲ್ಲಿ, ದೇಶದ ಬ್ಯಾಂಕುಗಳು ಮುಚ್ಚಿದ್ದ ದಿನಗಳಲ್ಲಿ, ಸ್ಟುಡಿಯೋಗಳು ಸಂಬಳವನ್ನು ಅರ್ಧಕ್ಕೆ ಇಳಿಸಿದವು. ನಟರ ಸಹನೆ ಮೀರಿತು. ಕೆಲವರು ಒಬ್ಬರೊಬ್ಬರ ಮನೆಗಳಲ್ಲಿ ಗುಟ್ಟಾಗಿ ಕೂಡಿ ಸಂಘ ಕಟ್ಟುವ ಮಾತಾಡಿದರು. ಅದೇ ವರ್ಷ ಸ್ಥಾಪನೆಯಾದ ‘ಸ್ಕ್ರೀನ್ ಆಕ್ಟರ್ಸ್ ಗಿಲ್ಡ್’ ಎಂಬ ನಟರ ಸಂಘದಲ್ಲಿ ಕಾರ್ಲಾಫನು ಒಂಬತ್ತನೆಯ ಸಂಖ್ಯೆಯ ಸದಸ್ಯ. ಇದು ಸಣ್ಣ ಸಾಹಸವಲ್ಲ. ಇಪ್ಪತ್ತು ವರ್ಷ ಅಲೆದ ಮೇಲೆ ಕೀರ್ತಿ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮಾಲೀಕರು ಮುನಿದರೆ ಹಳೆಯ ಲಾರಿಯ ಚಕ್ರವನ್ನೇ ಮತ್ತೆ ಹಿಡಿಯಬೇಕಾಗಬಹುದಿತ್ತು. ಆದರೂ ಆತ ಹಿಂಜರಿಯದೆ ಬಹುಕಾಲ ಸಂಘದ ಆಡಳಿತ ಮಂಡಳಿಯಲ್ಲಿ ದುಡಿದನು. ಕಡೆಗೆ 1937ರ ಮೇ ತಿಂಗಳಲ್ಲಿ ಸ್ಟುಡಿಯೋಗಳು ಸಂಘವನ್ನು ಒಪ್ಪಿ ಕರಾರಿಗೆ ಸಹಿ ಹಾಕಿದವು. 2012ರಲ್ಲಿ ರೇಡಿಯೋ-ಟೆಲಿವಿಷನ್ ಕಲಾವಿದರ ಸಂಘದೊಡನೆ ಒಂದಾದ ಅದೇ ಸಂಸ್ಥೆ, 2023ರಲ್ಲಿ 118 ದಿನಗಳ ಮುಷ್ಕರ ಹೂಡಿತು. ನಟನ ಮುಖವನ್ನೂ ದನಿಯನ್ನೂ ಯಂತ್ರವು ನಕಲು ಮಾಡುವುದಾದರೆ ಅವನ ಒಪ್ಪಿಗೆ ಬೇಕೆಂಬುದು ಅದರ ಬೇಡಿಕೆಗಳಲ್ಲೊಂದು.

ತನ್ನನ್ನೇ ಅಣಕಿಸಿಕೊಂಡವನು

‘ದಿ ಮಮ್ಮಿ’ (1932), ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ (1935), ‘ದಿ ಬಾಡಿ ಸ್ನ್ಯಾಚರ್’ (1945) ಮುಂತಾದ ಚಿತ್ರಗಳಿಂದ ಆತನ ಹೆಸರೇ ಭಯಕ್ಕೆ ಪರ್ಯಾಯವಾಯಿತು. 1941ರ ಜನವರಿಯಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ಎಂಬ ಹಾಸ್ಯನಾಟಕ ಬಂದಿತು. ಅದರ ಕೊಲೆಗಡುಕನು ಯಾರಾದರೂ ತನ್ನನ್ನು ಬೋರಿಸ್ ಕಾರ್ಲಾಫನಂತೆ ಕಾಣುತ್ತೀಯೆ ಎಂದರೆ ಕೆರಳುತ್ತಾನೆ. ಆ ಪಾತ್ರವನ್ನು ವಹಿಸಿದವನು ಕಾರ್ಲಾಫನೇ! ಸಭಾಂಗಣ ನಗೆಯಿಂದ ತುಂಬುತ್ತಿತ್ತು. ಮನೆಯಲ್ಲಿ ಆತ ತೋಟಗಾರಿಕೆಯನ್ನೂ ಕ್ರಿಕೆಟ್ಟನ್ನೂ ಮೆಚ್ಚುತ್ತಿದ್ದ ಮೃದುಭಾಷಿ. ಮಕ್ಕಳಿಗಾಗಿ ಕಥೆಗಳನ್ನು ಓದಿ ಧ್ವನಿಮುದ್ರಿಸಿದನು. 1966ರ ‘ಗ್ರಿಂಚ್’ ಕಾರ್ಟೂನಿನ ಕಥನವೂ ಅವನದೇ ದನಿ.

ಕೊನೆಯ ಹೆಜ್ಜೆ

1968ರ ‘ಟಾರ್ಗೆಟ್ಸ್’ ಚಿತ್ರದ ವೇಳೆಗೆ ಆತನಿಗೆ ಎಂಬತ್ತು. ಶ್ವಾಸಕೋಶಗಳು ಸೋತಿದ್ದವು, ಕಾಲುಗಳಿಗೆ ಆಧಾರದ ಪಟ್ಟಿ ಬೇಕಾಗಿತ್ತು. ಆಗಿನ್ನೂ ತರುಣನಾಗಿದ್ದ ಪೀಟರ್ ಬೊಗ್ಡನೊವಿಚ್ ನಿರ್ದೇಶಿಸಿದ ಆ ಚಿತ್ರದಲ್ಲಿ ಕಾರ್ಲಾಫನದು ಒಬ್ಬ ಮುದಿ ಭಯಾನಕ ನಟನ ಪಾತ್ರ. ವೃತ್ತಪತ್ರಿಕೆಯಲ್ಲಿ ದಿನವೂ ಬರುವ ನಿಜವಾದ ಕೊಲೆಗಳ ಮುಂದೆ ತನ್ನ ಬಣ್ಣದ ರಾಕ್ಷಸರು ಯಾರನ್ನು ತಾನೇ ಹೆದರಿಸಿಯಾರೆಂದು ಆ ಮುದುಕನು ನಿವೃತ್ತಿಯನ್ನು ಬಯಸುತ್ತಾನೆ. ಕೊನೆಯಲ್ಲಿ ಬಯಲು ಚಿತ್ರಮಂದಿರದ ತೆರೆಯ ಹಿಂದೆ ಅಡಗಿ ಜನರ ಮೇಲೆ ಗುಂಡು ಹಾರಿಸುವ ಯುವಕನೊಬ್ಬನತ್ತ ಊರುಗೋಲೂರಿ ನೇರವಾಗಿ ನಡೆಯುತ್ತಾನೆ. ತೆರೆಯ ಮೇಲೂ ಅವನೇ, ಎದುರಿಗೂ ಅವನೇ! ಯುವಕನು ದಿಕ್ಕೆಟ್ಟಾಗ ಅವನ ಕೆನ್ನೆಗೆ ಬಾರಿಸುತ್ತಾನೆ.

1969ರ ಫೆಬ್ರವರಿ 2ರಂದು ಇಂಗ್ಲೆಂಡಿನ ಮಿಡ್‌ಹರ್ಸ್ಟ್‌ನಲ್ಲಿ ಕಾರ್ಲಾಫನು ತೀರಿಕೊಂಡನು. 1997ರಲ್ಲಿ ಅಮೆರಿಕದ ಅಂಚೆ ಇಲಾಖೆ ಭಯಾನಕ ಚಿತ್ರಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಎರಡರ ಮೇಲೆ ಅವನ ಮುಖವೇ ಇದ್ದಿತು. ಆ ಮುಖವನ್ನು ಕಂಡು ಹಿರಿಯರು ಬೆಚ್ಚಿದ್ದುಂಟು. ಮಕ್ಕಳು ಮಾತ್ರ, ಪಾಪ ಆ ರಾಕ್ಷಸನಿಗೆ ಜನ ಹೀಗೇಕೆ ಮಾಡಿದರೆಂದು ಮರುಗಿ ಆತನಿಗೆ ವರ್ಷಗಟ್ಟಲೆ ಪತ್ರ ಬರೆದರು. ತನ್ನ ಪಾತ್ರವನ್ನು ಸರಿಯಾಗಿ ತಿಳಿದವರು ಮಕ್ಕಳೇ ಎಂಬುದು ಆ ಹಿರಿಯ ನಟನ ನಂಬಿಕೆಯಾಗಿತ್ತು.