ಬಂಕಿನಲ್ಲೇ ನಿಂತ ಕಾರು: ತಪ್ಪು ಪೆಟ್ರೋಲಿನದೇ?

ಟ್ಯಾಂಕ್ ತುಂಬಿಸಿ ಸೆಲ್ಫ್ ಹೊಡೆದರೆ ಎಂಜಿನ್ ಒಂದೆರಡು ಸಲ ನಡುಗಿ ಆಫ್ ಆಗುತ್ತದೆ. ಆಕ್ಸಿಲರೇಟರ್ ಒತ್ತಿ ಹಿಡಿದರೆ ಹೇಗೋ ಸ್ಟಾರ್ಟ್ ಆಗುತ್ತದೆ, ನಾಲ್ಕೈದು ನಿಮಿಷ ಓಡಿದ ಮೇಲೆ ಸರಿಹೋಗುತ್ತದೆ, ಮುಂದಿನ ಸಲ ಬಂಕಿಗೆ ಹೋಗುವವರೆಗೆ ತೊಂದರೆಯೇ ಇಲ್ಲ. ಇಂಥ ಕಾರಿನ ಬಗ್ಗೆ ಮೊದಲು ಕೇಳಿಬರುವ ಮಾತು ‘ಪೆಟ್ರೋಲ್ ಕಲಬೆರಕೆ’. ಮಾಲೀಕರು ಬಂಕ್ ಬದಲಿಸುತ್ತಾರೆ. ಗ್ಯಾರೇಜಿನಲ್ಲಿ ಟ್ಯಾಂಕ್ ಖಾಲಿ ಮಾಡಿಸುತ್ತಾರೆ, ಇಂಜೆಕ್ಟರ್ ಕ್ಲೀನ್ ಮಾಡಿಸುತ್ತಾರೆ, ಕೆಲವೊಮ್ಮೆ ಪೆಟ್ರೋಲ್ ಪಂಪನ್ನೇ ಹೊಸದು ಹಾಕಿಸುತ್ತಾರೆ. ಇಷ್ಟೆಲ್ಲ ಖರ್ಚಾದ ಮೇಲೂ ಮುಂದಿನ ಸಲ ಟ್ಯಾಂಕ್ ತುಂಬಿಸಿದಾಗ ಅದೇ ಕಥೆ. ಈ ಲಕ್ಷಣಗಳು ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಪೆಟ್ರೋಲನ್ನಲ್ಲ, ಎಂಜಿನ್ ಪಕ್ಕದಲ್ಲಿ ಕೂತ ಮುಷ್ಟಿಗಿಂತ ಚಿಕ್ಕದಾದ ಪರ್ಜ್ ವಾಲ್ವನ್ನು.

ಪೆಟ್ರೋಲನ್ನು ಅನುಮಾನದಿಂದ ಕೈಬಿಡಲು ಒಂದು ಸರಳ ಲೆಕ್ಕವೇ ಸಾಕು. ಟ್ಯಾಂಕ್ ಇರುವುದು ಹಿಂದೆ, ಎಂಜಿನ್ ಇರುವುದು ಮುಂದೆ. ನಡುವಿನ ಪೈಪು ಮೂರು ಮೀಟರಿಗಿಂತ ಹೆಚ್ಚು ಉದ್ದ, ಒಳಗಿನ ವ್ಯಾಸ ಸುಮಾರು 6 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರಲ್ಲಿ 100 ಮಿಲಿಲೀಟರಿನಷ್ಟು ಹಳೆಯ ಪೆಟ್ರೋಲ್ ನಿಂತಿರುತ್ತದೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಅಷ್ಟನ್ನು ಸುಡಲು ಒಂದು ಕಿಲೋಮೀಟರಿಗಿಂತ ಹೆಚ್ಚು ಓಡಬೇಕು. ಅಂದರೆ ಬಂಕಿನಲ್ಲಿ ಕೀಲಿ ತಿರುಗಿಸಿದ ಕ್ಷಣಕ್ಕೆ ಎಂಜಿನ್ ಕುಡಿಯುತ್ತಿರುವುದು ಈಗ ಹಾಕಿಸಿದ ಪೆಟ್ರೋಲನ್ನಲ್ಲ, ಹಳೆಯದನ್ನೇ. ಹೊಸ ಪೆಟ್ರೋಲ್ ಇನ್ನೂ ತಲುಪದ ಜಾಗದಲ್ಲಿ ಅದು ಕೆಡುಕು ಮಾಡುವುದಾದರೂ ಹೇಗೆ? ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಕಳಿಸುವ ಪೈಪಿರುವ ಹಳೆಯ ಕಾರುಗಳಲ್ಲಿ ಮಾತ್ರ ಹೊಸದು ಬೇಗ ಮುಂದೆ ಬರುತ್ತದೆ. ಅವುಗಳಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ.

ಆದರೆ ಪೆಟ್ರೋಲಿನ ಆವಿಗೆ ಆ ದೂರ ಕ್ರಮಿಸಲು ಇನ್ನೊಂದು ದಾರಿಯಿದೆ. ಟ್ಯಾಂಕಿನ ಆವಿ ಗಾಳಿಗೆ ಸೇರದಿರಲೆಂದು ಅದನ್ನು ಇದ್ದಿಲು ತುಂಬಿದ ಕ್ಯಾನಿಸ್ಟರ್ ಎಂಬ ಡಬ್ಬಿಗೆ ಕಳಿಸುತ್ತಾರೆ. ಎಂಜಿನ್ ಓಡುತ್ತಿರುವಾಗ ಸರಿಯಾದ ಸಮಯ ನೋಡಿ ಕಾರಿನ ಕಂಪ್ಯೂಟರ್ ಪರ್ಜ್ ವಾಲ್ವ್ ತೆರೆಯುತ್ತದೆ, ಎಂಜಿನ್ ಆ ಆವಿಯನ್ನು ಎಳೆದುಕೊಂಡು ಸುಡುತ್ತದೆ. ವಿದ್ಯುತ್ ಇಲ್ಲದಾಗ ವಾಲ್ವ್ ಮುಚ್ಚಿರಲೇಬೇಕು. ಅದು ಸವೆದೋ ಇದ್ದಿಲಿನ ಪುಡಿ ಸಿಕ್ಕಿಕೊಂಡೋ ತೆರೆದೇ ಉಳಿದರೆ ತೊಂದರೆ ಶುರು. ಟ್ಯಾಂಕಿಗೆ 30 ಲೀಟರ್ ಪೆಟ್ರೋಲ್ ಇಳಿದಾಗ ಒಳಗಿದ್ದ ಅಷ್ಟೇ ಪ್ರಮಾಣದ ಆವಿ ತುಂಬಿದ ಗಾಳಿ ಜಾಗ ಬಿಡಬೇಕು. ಬಹುಪಾಲು ನಾಜಲ್ ಪಕ್ಕದಿಂದ ಹೊರಬೀಳುತ್ತದೆ, ಉಳಿದದ್ದು ಕ್ಯಾನಿಸ್ಟರ್ ಕಡೆ ನುಗ್ಗುತ್ತದೆ. ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಆ ಆವಿಯನ್ನೆಲ್ಲ ಒಮ್ಮೆಗೇ ಎಳೆದುಕೊಳ್ಳುತ್ತದೆ. ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಇಂಜೆಕ್ಟರ್ ಕೊಟ್ಟದ್ದರ ಮೇಲೆ ಈ ಆವಿಯೂ ಸೇರಿ ಆ ಹದ ತಪ್ಪುತ್ತದೆ. ಆಕ್ಸಿಲರೇಟರ್ ಒತ್ತಿದರೆ ಏಕೆ ಸ್ಟಾರ್ಟ್ ಆಗುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಥ್ರಾಟಲ್ ತೆರೆದು ಗಾಳಿ ಹೆಚ್ಚು ಬರುತ್ತದೆ, ಆವಿ ಖಾಲಿಯಾದಂತೆ ಎಂಜಿನ್ ಹದಕ್ಕೆ ಮರಳುತ್ತದೆ.

ಹಾಗಾದರೆ ಕಲಬೆರಕೆಯೇ ಇಲ್ಲವೇ? ಖಂಡಿತ ಇದೆ. 2025ರ ಜೂನ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಮುಖ್ಯಮಂತ್ರಿಯ ಬೆಂಗಾವಲಿನ 19 ವಾಹನಗಳು ನೀರು ಬೆರೆತ ಡೀಸೆಲ್ ಹಾಕಿಸಿಕೊಂಡು ಕೆಟ್ಟು ನಿಂತವು, ಬಂಕಿಗೆ ಬೀಗ ಬಿತ್ತು. ಆದರೆ ಆ ಪ್ರಕರಣದ ಲಕ್ಷಣ ಗಮನಿಸಿ. ಒಂದೇ ಬಂಕಿನಲ್ಲಿ ತುಂಬಿಸಿದ ಗಾಡಿಗಳು ಸಾಲಾಗಿ ನಿಂತವು, ಟ್ಯಾಂಕ್ ಖಾಲಿ ಮಾಡಬೇಕಾಯಿತು. ಕೆಟ್ಟ ಇಂಧನ ಸಾಮಾನ್ಯವಾಗಿ ಸ್ವಲ್ಪ ದೂರ ಓಡಿದ ಮೇಲೆ ಕಾಡುತ್ತದೆ, ಆ ಟ್ಯಾಂಕ್ ಮುಗಿಯುವವರೆಗೂ ಬಿಡುವುದಿಲ್ಲ. ಐದು ನಿಮಿಷ ಕಾಡಿ ತಾನಾಗಿ ಸರಿಹೋಗುವುದು ಅದರ ಸ್ವಭಾವವಲ್ಲ. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು ದೂರುವವರಿಗೂ ಇದೇ ಉತ್ತರ. ಹಳೆಯ ಗಾಡಿಗಳ ರಬ್ಬರ್ ಭಾಗಗಳ ಬಗ್ಗೆ ಅವರ ಆತಂಕ ನ್ಯಾಯವಾದದ್ದೇ, ಆದರೆ ಎಥನಾಲ್ ಟ್ಯಾಂಕಿನಲ್ಲಿ ಕೊನೆಯ ಹನಿಯವರೆಗೂ ಇರುತ್ತದೆ, ತೊಂದರೆ ಮಾತ್ರ ಮೊದಲ ಐದು ನಿಮಿಷದ್ದು. ‘ಚೆಕ್ ಎಂಜಿನ್ ದೀಪ ಹೊತ್ತಿಲ್ಲವಲ್ಲ’ ಎಂಬ ಆಕ್ಷೇಪವೂ ಬರುತ್ತದೆ. ವಾಲ್ವ್ ಒಮ್ಮೆ ಸಿಕ್ಕಿಕೊಂಡು ಒಮ್ಮೆ ಬಿಡುವುದುಂಟು. ಆಗ ಕಂಪ್ಯೂಟರ್ ದೋಷವನ್ನು ದಾಖಲಿಸದೆಯೂ ಇರಬಹುದು. ಸ್ಕ್ಯಾನರಿನಲ್ಲಿ ಪಿ0496 ಅಥವಾ ಪಿ0172 ಕಂಡರೆ ಅನುಮಾನ ಗಟ್ಟಿಯಾಗುತ್ತದೆ, ಕಾಣದಿದ್ದರೆ ವಾಲ್ವ್ ಸರಿಯಿದೆ ಎಂದೇನೂ ಅಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ ಐಡಲ್‌ನಲ್ಲಿರುವಾಗ ವಾಲ್ವಿನ ವೈರ್ ಕನೆಕ್ಟರ್ ಕಳಚಿ, ಕ್ಯಾನಿಸ್ಟರಿನಿಂದ ಬರುವ ಪೈಪನ್ನು ವಾಲ್ವಿನಿಂದ ಬಿಡಿಸಿ, ವಾಲ್ವಿನ ಆ ಬಾಯಿಗೆ ಬೆರಳಿಟ್ಟು ನೋಡಬೇಕು. ವಿದ್ಯುತ್ ಇಲ್ಲದ ವಾಲ್ವ್ ಮುಚ್ಚಿರಬೇಕಾದ್ದರಿಂದ ಬೆರಳನ್ನು ಎಳೆಯಬಾರದು. ಎಳೆದರೆ ವಾಲ್ವ್ ಕೆಟ್ಟಿದೆ. ಪೆಟ್ರೋಲ್ ಆವಿಯ ಕೆಲಸವಾದ್ದರಿಂದ ಬೆಂಕಿ, ಬೀಡಿ ಹತ್ತಿರ ಸುಳಿಯಬಾರದು, ಕೈ ಫ್ಯಾನಿನಿಂದ ದೂರವಿರಬೇಕು. ಕೆಟ್ಟ ವಾಲ್ವನ್ನು ಬದಲಿಸುವುದೇ ಸರಿ. ಪೈಪಿಗೆ ಬಿರಡೆ ಹಾಕಿ ‘ರಿಪೇರಿ’ ಮುಗಿಸಿದರೆ ಕ್ಯಾನಿಸ್ಟರ್ ಖಾಲಿಯಾಗುವುದೇ ಇಲ್ಲ, ಬೆಂಜೀನ್ ಇರುವ ಆವಿ ನಮ್ಮ ಮೂಗಿಗೇ ಬರುತ್ತದೆ.

ವಾಲ್ವ್ ಬದಲಿಸಿದರೂ ತೊಂದರೆ ಮರಳಿದರೆ ಕ್ಯಾನಿಸ್ಟರಿಗೆ ದ್ರವ ಪೆಟ್ರೋಲೇ ನುಗ್ಗಿರಬಹುದು. ಇದರಲ್ಲಿ ನಮ್ಮ ಬಂಕುಗಳ ಒಂದು ಅಭ್ಯಾಸದ ಪಾಲು ದೊಡ್ಡದು. ನಾಜಲ್ ಆಟೋ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲೆಂದು ಇನ್ನಷ್ಟು ಒತ್ತುತ್ತಾರೆ, ಗ್ರಾಹಕರೂ ಒಪ್ಪುತ್ತಾರೆ. ಆವಿಗೆಂದು ಇಟ್ಟ ಜಾಗ ಪೆಟ್ರೋಲಿನಿಂದ ತುಂಬಿ ಇದ್ದಿಲು ತೋಯುತ್ತದೆ, ಇದ್ದಿಲಿನ ಪುಡಿ ಮುಂದೆ ವಾಲ್ವಿಗೂ ಸೇರಬಹುದು. ಬಂಕಿನ ಮೇಲೆ ನಿಜವಾಗಿ ಅನುಮಾನವಿದ್ದರೆ ಫಿಲ್ಟರ್ ಪೇಪರ್ ಪರೀಕ್ಷೆ ಮತ್ತು ಡೆನ್ಸಿಟಿ ತೋರಿಸಿ ಎಂದು ಅಲ್ಲೇ ಕೇಳುವ ಹಕ್ಕು ಗ್ರಾಹಕರಿಗಿದೆ, ಬಳಸಿಕೊಳ್ಳಿ. ಗ್ಯಾರೇಜಿನಲ್ಲಿ ಮಾತ್ರ, ಟ್ಯಾಂಕ್ ಬಿಚ್ಚುವ ಮೊದಲು ಪರ್ಜ್ ವಾಲ್ವ್ ನೋಡಿ ಎಂದು ಮೆಕ್ಯಾನಿಕ್‌ಗೆ ಹೇಳಿ. ಬಂಕಿನಲ್ಲಿ ಮೊದಲ ಆಟೋ ಕಟ್‌ಗೇ ಸಾಕು ಎನ್ನಿ.